ಹಳೆ ಕಾರಿಗೆ ನೀರೇ ಸಾಕು ಅನ್ನುವವರಿಗೆ

‘ನಮ್ಮೂರಲ್ಲೇನು ಹಿಮ ಬೀಳುತ್ತಾ ಸಾರ್? ಕೂಲೆಂಟ್ ಎಲ್ಲ ಹೊಸ ಗಾಡಿಗೆ. ಹಳೆ ಗಾಡಿಗೆ ನೀರೇ ಸರಿ.’

ಹಳೆ ಕಾರು ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಇರಲಾರರು. ಗ್ಯಾರೇಜಿನಲ್ಲಿ ಕೇಳುತ್ತೇವೆ, ರ‍್ಯಾಲಿಯಲ್ಲಿ ಕೇಳುತ್ತೇವೆ, ಮದುವೆಯೂಟದ ಪಂಕ್ತಿಯಲ್ಲಿ ಪಕ್ಕ ಕೂತವರ ಬಾಯಲ್ಲೂ ಕೇಳುತ್ತೇವೆ. ಕಾರನ್ನು ಪ್ರೀತಿಸುವವರೇ, ಅದರ ಬಂಪರ್ ಮೇಲೆ ಒಂದು ಗೀರು ಬಿದ್ದರೆ ನಿದ್ದೆ ಕೆಡುವವರೇ, ಈ ಮಾತು ನಂಬಿ ಅದರ ಎಂಜಿನ್ ಅನ್ನು ಒಳಗಿನಿಂದ ಕೊಲ್ಲುತ್ತಿದ್ದಾರೆ. ಎಷ್ಟು ಸಲ ವಿವರಿಸಿದರೂ ಮುಂದಿನ ಭಾನುವಾರ ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಹುಟ್ಟಿಕೊಂಡಿರುತ್ತದೆ.

ಇದರಲ್ಲಿ ಒಂದು ಪಾಲು ನಿಜವಿದೆ. ಇಷ್ಟು ಗಟ್ಟಿಯಾಗಿ ಬೇರೂರಿರುವುದೂ ಅದಕ್ಕೇ. ಶಾಖ ಹೊತ್ತೊಯ್ಯುವುದರಲ್ಲಿ ನೀರನ್ನು ಮೀರಿಸುವ ಅಗ್ಗದ ದ್ರವ ಇನ್ನೊಂದಿಲ್ಲ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗುವಾಗ 4.18 ಕಿಲೋಜೂಲ್ ಶಾಖ ಹೀರಿಕೊಳ್ಳುತ್ತದೆ. ಕೂಲೆಂಟಿನ ಮೂಲದ್ರವವಾದ ಎಥಿಲೀನ್ ಗ್ಲೈಕಾಲ್ ಹೀರುವುದು ಸುಮಾರು 2.4 ಮಾತ್ರ. ಗ್ಲೈಕಾಲ್ ಕಾರಿನೊಳಗೆ ಬಂದದ್ದೂ ಚಳಿ ದೇಶಗಳ ದೆಸೆಯಿಂದಲೇ. ರಾತ್ರಿ ನೀರು ಹೆಪ್ಪುಗಟ್ಟಿ, ಹಿಗ್ಗಿ, ಬ್ಲಾಕ್ ಸೀಳುತ್ತಿತ್ತು. 1927ರಲ್ಲಿ ಅಮೆರಿಕದಲ್ಲಿ ಪ್ರೆಸ್ಟೋನ್ ಹೆಸರಿನ ಗ್ಲೈಕಾಲ್ ಮಾರುಕಟ್ಟೆಗೆ ಬಂತು. ಇಷ್ಟನ್ನು ಒಪ್ಪೋಣ. ಆದರೆ ಇವತ್ತಿನ ಡಬ್ಬಿಯಲ್ಲಿರುವುದು ಬರೀ ಗ್ಲೈಕಾಲ್ ಅಲ್ಲ. ಅದರ ಜೊತೆ ತುಕ್ಕು ತಡೆಯುವ ರಾಸಾಯನಿಕಗಳಿವೆ. ಪ್ರಮಾಣದಲ್ಲಿ ಅವು ತೀರಾ ಕಡಿಮೆ, ಆದರೆ ನಾವು ದುಡ್ಡು ಕೊಡಬೇಕಾದದ್ದು ಅವಕ್ಕೇ. ತುಕ್ಕು ಹಿಮ ಬೀಳಲಿ ಎಂದು ಕಾಯುವುದಿಲ್ಲ. ಬಿಸಿ ಏರಿದಷ್ಟೂ ಬೇಗ ಬೆಳೆಯುತ್ತದೆ. ಹಾಗಾಗಿ ಬಿಸಿಲ ನಾಡಿಗೆ ಈ ರಕ್ಷಣೆ ಬೇಡ ಅನ್ನುವ ವಾದ ಬುಡಮೇಲು.

ಅನುಮಾನ ಇದ್ದವರು, ವರ್ಷಗಟ್ಟಲೆ ನೀರಿನಲ್ಲೇ ಓಡಿದ ಅಂಬಾಸಿಡರ್ ಎಂಜಿನ್ ಬಿಚ್ಚುವಾಗ ಹತ್ತಿರ ನಿಂತು ನೋಡಬೇಕು. ಬ್ಲಾಕಿನ ಪಕ್ಕದಲ್ಲಿ ದುಂಡನೆಯ ತಗಡಿನ ಮುಚ್ಚಳಗಳಿರುತ್ತವೆ, ವೆಲ್ಚ್ ಪ್ಲಗ್ ಅನ್ನುತ್ತಾರೆ. ಹಿಂದಿನ ತುದಿಯದಕ್ಕೆ ಉಳಿ ಇಟ್ಟು ಒಂದೇಟು ಹಾಕಿ ಮೀಟಿದರೆ ನೀರು ಚಿಮ್ಮಬೇಕು. ಚಿಮ್ಮುವುದಿಲ್ಲ. ಸ್ವಲ್ಪ ಹೊತ್ತು ಏನೂ ಬರುವುದಿಲ್ಲ; ಆಮೇಲೆ ಕಂದು ಕೆಸರು ನಿಧಾನಕ್ಕೆ ಜಾರಿ ಬರುತ್ತದೆ. ತಂತಿ ಹಾಕಿ ಕೆದಕಿದರೆ ತುಕ್ಕಿನ ಚಕ್ಕೆ, ಸುಣ್ಣದ ಗಟ್ಟಿ. ವಾಟರ್ ಪಂಪ್ ಮುಂದಿದೆ, ಹಿಂದಕ್ಕೆ ಹೋದಷ್ಟೂ ಹರಿವು ಮಂದ. ಕಸವೆಲ್ಲ ಹೋಗಿ ಕೂರುವುದು ನಾಲ್ಕನೇ ಸಿಲಿಂಡರಿನ ಬುಡದಲ್ಲಿ. ಕೈಗೆ ಬಂದ ಪ್ಲಗ್ಗಿನ ಹೊರಮೈಯಲ್ಲಿ ಬಣ್ಣ ಹಾಗೇ ಇರುತ್ತದೆ, ಒಳಗಿನಿಂದ ಮಾತ್ರ ಬೆರಳಲ್ಲಿ ಒತ್ತಿದರೆ ತೂತು ಬೀಳುವಷ್ಟು ತೆಳ್ಳಗಾಗಿರುತ್ತದೆ. ಮಾಲೀಕರು ಅಷ್ಟು ದಿನ ರೇಡಿಯೇಟರ್ ರಾಡಿಂಗ್ ಮಾಡಿಸುತ್ತ, ಫ್ಯಾನ್ ಬೆಲ್ಟ್ ಬದಲಿಸುತ್ತ, ‘ಯಾಕೋ ಗಾಡಿ ಹೀಟ್ ಆಗುತ್ತೆ’ ಅನ್ನುತ್ತಲೇ ಇದ್ದರು.

ಆ ಸುಣ್ಣ ಬಂದದ್ದು ನಮ್ಮ ಕೊಳವೆಬಾವಿಯಿಂದ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದ ಕಡೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಆ ಎರಡನೇ ಗೆರೆಯನ್ನೂ ದಾಟಿರುತ್ತದೆ. ಈ ನೀರು ಬಿಸಿಯಾದಷ್ಟೂ ಸುಣ್ಣ ಕರಗಿರಲಾರದೆ ಹೊರಬಿದ್ದು ಕಚ್ಚಿಕೊಳ್ಳುತ್ತದೆ. ಸ್ನಾನದ ಹಂಡೆಯ ತಳ ಕೆರೆದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎಂಜಿನ್ನಿನಲ್ಲಿ ನೀರು ಮುಟ್ಟುವ ಜಾಗಗಳಲ್ಲಿ ಅತಿ ಬಿಸಿಯಾದದ್ದು ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ಗೋಡೆ. ತಂಪು ಎಲ್ಲಿ ಹೆಚ್ಚು ಬೇಕೋ ಅಲ್ಲೇ ಸುಣ್ಣವೂ ಕಟ್ಟುತ್ತದೆ. ಎರಕದ ಕಬ್ಬಿಣ ಸಾಗಿಸುವ ಶಾಖದ ಇಪ್ಪತ್ತನೇ ಒಂದು ಪಾಲು ಸಾಗಿಸುವುದೂ ಆ ಪದರಕ್ಕೆ ಕಷ್ಟ.

ಪ್ರೀಮಿಯರ್ ಪದ್ಮಿನಿಯಂಥ ಕಾರಿನಲ್ಲಿ ಕೇಡು ಇನ್ನೂ ಹೆಚ್ಚು. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆ, ಅದರ ಬೆಸುಗೆ ಸೀಸ-ತವರ. ಇಷ್ಟು ಬಗೆಯ ಲೋಹಗಳು ಲವಣದ ನೀರಿನಲ್ಲಿ ಒಟ್ಟಿಗೆ ಮುಳುಗಿದರೆ ಅಲ್ಲೊಂದು ಬ್ಯಾಟರಿಯೇ ಹುಟ್ಟುತ್ತದೆ, ಅದರಲ್ಲಿ ಮೊದಲು ಸವೆಯುವುದು ಅಲ್ಯೂಮಿನಿಯಂ. ಹೆಡ್ ಎತ್ತಿ ತಿರುವಿ ನೋಡಿದರೆ ನೀರಿನ ತೂತುಗಳ ಅಂಚು ಕರಗಿ ಗುಳಿ ಬಿದ್ದಿರುತ್ತದೆ. ಆಮೇಲೆ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಸೋರಿಕೆ ನಿಲ್ಲದು. ವೆಲ್ಡ್ ಮಾಡಿಸಿ ಫೇಸಿಂಗ್ ಮಾಡಿಸಬೇಕು, ಆ ಫೇಸಿಂಗ್‌ಗೂ ಒಂದು ಮಿತಿ ಇದೆ. ಪದ್ಮಿನಿಯ ತಯಾರಿ ನಿಂತು ಎರಡು ದಶಕ ದಾಟಿತು, ಅಂಬಾಸಿಡರ್ 2014ರಲ್ಲಿ ನಿಂತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದ ಕೂಡಲೇ ಹೊಸ ಹೆಡ್ ಎತ್ತಿ ಕೊಡುತ್ತಿದ್ದ ಕಾಲ ಈಗಿಲ್ಲ. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ಕಾರಿಗೆ ವಿಂಟೇಜ್ ಎಂದು ಪ್ರತ್ಯೇಕ ನೋಂದಣಿ ಸಿಗುತ್ತದೆ. ಮೂಲದ ಬ್ಲಾಕನ್ನೇ ತುಕ್ಕಿಗೆ ಕೊಟ್ಟವರ ಬಳಿ ಉಳಿಸಿಕೊಳ್ಳಲು ಏನಿರುತ್ತದೆ?

ಇಲ್ಲಿಗೆ ಬಂದಾಗ ಕೆಲವರು ಜಾಗ ಬದಲಿಸುತ್ತಾರೆ: ‘ಬೋರ್ ನೀರು ಬೇಡ ಬಿಡಿ, ಆರ್‌ಓ ನೀರು ಹಾಕ್ತೀನಿ.’ ಅದರಿಂದ ಸುಣ್ಣ ಕಡಿಮೆಯಾಗುತ್ತದೆ, ತುಕ್ಕು ಹೋಗುವುದಿಲ್ಲ. ಡಿಸ್ಟಿಲ್ಡ್ ನೀರನ್ನೇ ತುಂಬಿದರೂ ಅದರಲ್ಲಿ ಕರಗಿದ ಆಮ್ಲಜನಕ ಇದ್ದೇ ಇರುತ್ತದೆ, ಬರಿಮೈ ಕಬ್ಬಿಣವೂ ಇರುತ್ತದೆ; ಎರಡರ ನಡುವೆ ನಿಲ್ಲುವವರು ಯಾರೂ ಇಲ್ಲ. ಶುದ್ಧ ನೀರು ಬೇಕು, ಆದರೆ ಕೂಲೆಂಟ್ ಬೆರೆಸಲು ಬೇಕು.

ಗ್ಲೈಕಾಲ್ ಬರೀ ಚಳಿಗೆ ಅನ್ನುವುದೂ ಅರ್ಧ ಕತೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಳೆ ಕಾರುಗಳ ರೇಡಿಯೇಟರ್ ಮುಚ್ಚಳ ತಡೆಯುವುದು 4 ಅಥವಾ 7 ಪಿಎಸ್‌ಐ ಒತ್ತಡ, ಒಂದೊಂದು ಪಿಎಸ್‌ಐಗೆ ಕುದಿಬಿಂದು ಏರುವುದು ಒಂದೂವರೆ ಡಿಗ್ರಿಯಷ್ಟೇ. ಇನ್ನೂ ಹಿಂದಿನ ಕಾರುಗಳಲ್ಲಿ ಒತ್ತಡದ ಮುಚ್ಚಳವೇ ಇಲ್ಲ. ಚಾರ್ಮಾಡಿ ಘಾಟಿಯನ್ನು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಏಳೆಂಟು ಡಿಗ್ರಿಯ ಹೆಚ್ಚುವರಿ ಅವಕಾಶ ದೊಡ್ಡದು. ಅರ್ಧಕ್ಕರ್ಧ ಮಿಶ್ರಣದಿಂದ ಸಿಗುವುದು ಹೆಚ್ಚುಕಮ್ಮಿ ಅಷ್ಟು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ರೋಲ್ಸ್-ರಾಯ್ಸ್ ಮೆರ್ಲಿನ್ ಎಂಜಿನ್ ಮೊದಲು ಅಪ್ಪಟ ಗ್ಲೈಕಾಲ್‌ನಲ್ಲಿ ಓಡಿತು, ಆಮೇಲೆ 70 ಪಾಲು ನೀರು, 30 ಪಾಲು ಗ್ಲೈಕಾಲ್ ಮಿಶ್ರಣಕ್ಕೆ ಬದಲಾಯಿತು. ಅಲ್ಲಿ ಗ್ಲೈಕಾಲ್ ಆರಿಸಿದ್ದು ಹೆಚ್ಚು ಬಿಸಿಯಲ್ಲೂ ಕುದಿಯದಿರಲಿ, ರೇಡಿಯೇಟರ್ ಚಿಕ್ಕದಿರಲಿ ಎಂದು. ಹಾಗೆಂದು ನೀರೇ ಬೆರೆಸದೆ ಪೂರ್ತಿ ಕೂಲೆಂಟ್ ಸುರಿಯುವವರದೂ ತಪ್ಪು: ತಂಪು ಕಡಿಮೆಯಾಗುತ್ತದೆ, ಚಳಿಗೂ ಅದು ಒಳ್ಳೆಯದಲ್ಲ. ಅಪ್ಪಟ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಅರ್ಧ ನೀರು ಬೆರೆತದ್ದು ಮೈನಸ್ 37ರವರೆಗೆ ತಡೆಯುತ್ತದೆ.

ಕೊನೆಗೆ ಬರುವ ವಾದ, ‘ನಮ್ಮಪ್ಪ ಮೂವತ್ತು ವರ್ಷ ನೀರಿನಲ್ಲೇ ಓಡಿಸಿದರು, ಏನೂ ಆಗಲಿಲ್ಲ.’ ಆಗಿತ್ತು. ರೇಡಿಯೇಟರಿಗೆ ಬೆಸುಗೆ ಹಾಕಿಸಿದ್ದು, ಹೆಡ್ ಇಳಿಸಿದ್ದು, ಘಾಟಿಯಲ್ಲಿ ಬಾನೆಟ್ ಎತ್ತಿ ಕೂತದ್ದು ಎಲ್ಲ ಆಗಿತ್ತು. ಆ ಕಾಲಕ್ಕೆ ಅದು ಕಾರು ಸಾಕುವವರ ವಾಡಿಕೆ, ಯಾರೂ ಲೆಕ್ಕ ಇಡಲಿಲ್ಲ. ಅಪ್ಪನ ಕಾರು ದಿನಾ ಓಡುತ್ತಿತ್ತು. ಮಗನ ಕೈಗೆ ಬಂದಮೇಲೆ ಹೊದಿಕೆಯೊಳಗೆ ತಿಂಗಳುಗಟ್ಟಲೆ ನಿಲ್ಲುತ್ತದೆ, ನಿಂತ ನೀರು ಓಡುವ ಎಂಜಿನ್ನಿನ ನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಅದೇ ಕಾಲದಲ್ಲಿ ಬ್ಲಾಕ್ ಕೊಳೆತು ಗುಜರಿಗೆ ಹೋದ ಕಾರುಗಳ ಪರವಾಗಿ ಮಾತಾಡಲು ಇವತ್ತು ಯಾರೂ ಉಳಿದಿಲ್ಲ. ಉಳಿದ ಒಂದನ್ನು ತೋರಿಸಿ ಸಿದ್ಧಾಂತ ಕಟ್ಟುವುದು ಸರಿಯಲ್ಲ. ‘ಕೂಲೆಂಟ್ ಹಾಕಿದ ಮೇಲೆಯೇ ಸೋರಲು ಶುರುವಾಯಿತು’ ಎಂಬ ದೂರೂ ಹೀಗೇ. ತೂತು ಮೊದಲೇ ಇತ್ತು, ತುಕ್ಕು ಅದನ್ನು ಮುಚ್ಚಿಕೊಂಡಿತ್ತು. ಸಡಿಲ ತುಕ್ಕು ಕಿತ್ತುಬಂದಾಗ ತೂತು ಕಂಡಿತು.

ಬಣ್ಣದ ವಿಷಯವೂ ಹೇಳಿಬಿಡುತ್ತೇನೆ. ಹಸಿರು ಹಳೆ ಕಾರಿಗೆ, ಕೆಂಪು ಹೊಸ ಕಾರಿಗೆ ಎಂದು ಬಣ್ಣ ನೋಡಿ ಡಬ್ಬಿ ಕೊಳ್ಳಬೇಡಿ. ಬಣ್ಣ ಬರೀ ಬೆರೆಸಿದ ರಂಗು, ಅದಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ನಿಯಮ ಇಲ್ಲ. ಜನರಲ್ ಮೋಟಾರ್ಸ್ 1990ರ ದಶಕದ ನಡುವೆ ತಂದ ಸಾವಯವ ಆಮ್ಲದ ಕೂಲೆಂಟ್, ಅಂದರೆ ಓಎಟಿ, ಕಿತ್ತಳೆ ಬಣ್ಣದ್ದು. ಇವತ್ತು ಅದೇ ಬಗೆಯದು ಹಸಿರಿನಲ್ಲೂ ಸಿಗುತ್ತದೆ. ಓಎಟಿ ಹೊಸ ಎಂಜಿನ್‌ಗೆ ಒಳ್ಳೆಯದು, ಬಾಳಿಕೆಯೂ ಹೆಚ್ಚು. ಆದರೆ ಹಳೆ ರೇಡಿಯೇಟರಿನ ಸೀಸದ ಬೆಸುಗೆಗೆ, ಹಳೆ ಬಗೆಯ ಸೀಲು, ಗ್ಯಾಸ್ಕೆಟ್‌ಗಳಿಗೆ ಅದು ಒಗ್ಗದಿರಬಹುದು. ಬ್ರಿಟನ್ನಿನ ಹಳೆ ವಾಹನ ಸಂಘಗಳ ಒಕ್ಕೂಟ ತನ್ನ ಸದಸ್ಯರನ್ನು ಈ ಬಗ್ಗೆ ಎಚ್ಚರಿಸಿದೆ. ನಮ್ಮ ಕಾರುಗಳಿಗೆ ಬೇಕಾದದ್ದು ಸಿಲಿಕೇಟ್ ಇರುವ ಹಳೆ ಕ್ರಮದ ಕೂಲೆಂಟ್. ಡಬ್ಬಿ ತಿರುವಿ ಹಿಂದಿನ ಸಣ್ಣ ಅಕ್ಷರ ಓದಿ, ಐಎಸ್ 5759 ಇದೆಯೇ, ಯಾವ ಬಗೆಯದು ಎಂದು ನೋಡಿ. ಎರಡು ಬಗೆಯವನ್ನು ಬೆರೆಸಬೇಡಿ. ಒಂದರ ರಕ್ಷಣೆ ಇನ್ನೊಂದು ಕೆಡಿಸುತ್ತದೆ, ಕೆಲವು ಸಲ ಲೋಳೆ ಕಟ್ಟುತ್ತದೆ.

ಬಿಸಿಲಿನೂರಿಗೆ ಥರ್ಮೋಸ್ಟಾಟ್ ಬೇಡ ಎಂದು ಕಿತ್ತು ಬಿಸಾಡುವುದು ನನಗೆ ಸಿಟ್ಟು ತರಿಸುವ ಇನ್ನೊಂದು ಅಭ್ಯಾಸ. 80 ಡಿಗ್ರಿ ಆಸುಪಾಸು ಮುಟ್ಟದ ಎಂಜಿನ್ನಿನಲ್ಲಿ ಆಯಿಲ್ ಒಳಗಿನ ತೇವ, ಪೆಟ್ರೋಲು ಆವಿಯಾಗಿ ಹೋಗುವುದಿಲ್ಲ. ಆಯಿಲ್ ಕೆಸರಾಗುತ್ತದೆ, ಸಿಲಿಂಡರ್ ಸವೆಯುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಲ್ಲೂ ಇದೇ ಹಾನಿ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಸೋರುವ ರೇಡಿಯೇಟರಿಗೆ ಅರಿಶಿನಪುಡಿ ಹಾಕಿದರೆ ಊರು ಮುಟ್ಟಬಹುದು, ಆದರೆ ಮುಟ್ಟಿದ ದಿನವೇ ತೊಳೆಸಬೇಕು. ಹೊಸ ಕಾರಿನ 15 ಪಿಎಸ್‌ಐ ಮುಚ್ಚಳ ಹಳೆ ರೇಡಿಯೇಟರಿಗೆ ಹಾಕಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ.

ಇಷ್ಟೆಲ್ಲ ನಂಬಿಕೆಗಳು ಬದುಕಿರುವುದು, ಹಳೆಯ ವಸ್ತುವಿಗೆ ಹಳೆಯ ಮಾತೇ ಸರಿ ಎಂದು ನಾವು ಒಪ್ಪಿಬಿಟ್ಟಿರುವುದರಿಂದ. ಔಷಧಿಯ ಚೀಟಿಯನ್ನು ಎರಡೆರಡು ಸಲ ಓದುವ ವಿದ್ಯಾವಂತರು, ಗ್ಯಾರೇಜಿನ ಬಾಗಿಲಲ್ಲಿ ಕೇಳಿದ್ದನ್ನು ‘ಯಾಕೆ’ ಎಂದು ಕೂಡ ಕೇಳದೆ ತಲೆಯಲ್ಲಾಡಿಸುತ್ತಾರೆ. ಹೇಳಿದವರು ವಯಸ್ಸಾದವರಾದರೆ ಸಾಕು, ಅದು ಅನುಭವದ ಮಾತು. ಅನುಭವವನ್ನು ನಾನು ಗೌರವಿಸುತ್ತೇನೆ: ಶಬ್ದ ಕೇಳಿಯೇ ಟ್ಯಾಪೆಟ್ ಸರಿಮಾಡುವ ಮೇಸ್ತ್ರಿಗಳಿಂದ ಕಲಿತದ್ದು ಬಹಳ. ಆದರೆ ಬ್ಲಾಕಿನ ಒಳಗೆ ಏನಾಗುತ್ತಿದೆ ಎಂಬುದು ಕಿವಿಗೆ ಕೇಳಿಸದು, ಅದನ್ನು ಬಿಚ್ಚಿಯೇ ನೋಡಬೇಕು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಜನ ಬಣ್ಣ, ಕ್ರೋಮ್ ನೋಡಿ ನಿಲ್ಲುತ್ತಾರೆ. ಕಾರು ಕೊಂಡಾಗಲೂ ದುಡ್ಡು ಅಲ್ಲಿಗೇ ಹೋಗುತ್ತದೆ. ಪೇಂಟಿಗೆ ಲಕ್ಷ ಸುರಿದವರು ಕೂಲೆಂಟಿಗೆ ಕೆಲವು ನೂರು ರೂಪಾಯಿ ಕೊಡಲು ಚೌಕಾಸಿ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾಡಬೇಕಾದ ಕೆಲಸ ಒಂದು ದಿನದ್ದು. ರೇಡಿಯೇಟರಿನ ಜೊತೆ ಬ್ಲಾಕಿನ ಡ್ರೈನ್ ನಲ್ಲಿಯನ್ನೂ ತೆಗೆಯಿರಿ. ಅದು ಕಟ್ಟಿಕೊಂಡಿದ್ದರೆ ತಂತಿ ಹಾಕಿ ಬಿಡಿಸಿ. ಹರಿದು ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬೇರೆ ನಾಡಿನ ಹಿಮ ನಮಗಿಲ್ಲದ ಕಾರಣ ಮೂರರಲ್ಲಿ ಒಂದು ಪಾಲು ಕೂಲೆಂಟ್, ಉಳಿದದ್ದು ಡಿಸ್ಟಿಲ್ಡ್ ನೀರು ಸಾಕು. ಅದಕ್ಕಿಂತ ತೆಳುವಾದರೆ ತುಕ್ಕಿನ ರಕ್ಷಣೆ ಸಾಲದು. ರೆಡಿಮಿಕ್ಸ್ ಡಬ್ಬಿಯಾದರೆ ಮತ್ತೆ ನೀರು ಬೆರೆಸಬೇಡಿ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಬಣ್ಣ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ಒಳಗಿನ ರಾಸಾಯನಿಕ ಅಷ್ಟರಲ್ಲಿ ತೀರಿರುತ್ತದೆ. ಇಳಿಸಿದ ಹಳೆ ಕೂಲೆಂಟನ್ನು ತೆರೆದ ಬೋಗುಣಿಯಲ್ಲಿ ಬಿಟ್ಟು ಒಳಗೆ ಹೋಗಬೇಡಿ, ಚರಂಡಿಗೂ ಸುರಿಯಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ಮಕ್ಕಳೂ ರುಚಿ ನೋಡಬಹುದು; ಮೂತ್ರಪಿಂಡ ಕೆಡಿಸಿ ಜೀವ ತೆಗೆಯುವ ವಿಷ ಅದು. ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಮೇಲೆ ‘ವಿಷ’ ಎಂದು ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರ ಕೈಗೇ ಕೊಡಿ.