ಊಟಿ ರೈಲಿನ ಮೇಲಿರುವ ಗುಡ್ಡ ಯಾರದು?

ಕುಟ್ಟ, ತೋಲ್ಪೆಟ್ಟಿ ದಾಟಿ ಕಾಟ್ಟಿಕುಳಂನಲ್ಲಿ ಒಂದು ಚಾ ಕುಡಿದು ಊಟಿಗೆ ಹೊರಡುವ ನಮ್ಮ ಹುಡುಗರಿಗೇನೂ ಕೊರತೆಯಿಲ್ಲ. ವಯನಾಡಿಗೆ ಇವತ್ತಿಗೂ ರೈಲಿಲ್ಲ. ಪಕ್ಕದ ನೀಲಗಿರಿಯಲ್ಲಿ ಮಾತ್ರ 1899ರಿಂದ ರೈಲು ಗುಡ್ಡ ಹತ್ತುತ್ತಿದೆ. ಮೊದಲು ಮೆಟ್ಟುಪಾಳಯದಿಂದ ಕೂನೂರಿಗೆ, 1908ರಲ್ಲಿ ಊಟಿವರೆಗೆ. ಒಟ್ಟು 46 ಕಿ.ಮೀ., 16 ಸುರಂಗ. ಕಲ್ಲಾರ್ ದಾಟಿದ ಮೇಲೆ ಕೆಲವೆಡೆ 12 ಅಡಿ ಮುಂದೆ ಹೋದರೆ ಒಂದಡಿ ಏರು! ಗಾಲಿ ಜಾರಬಾರದೆಂದು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ, ಇಂಜಿನ್ ಅದನ್ನು ಕಚ್ಚಿಕೊಂಡು ಏರುತ್ತದೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಪಟ್ಟಿಗೆ ಸೇರಿದ್ದು ಹಳಿ, ಅದರ ಮೇಲಿನ ಗುಡ್ಡವಲ್ಲ. ರಿಸಾರ್ಟಿಗೆಂದು ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ತೋಡು ಮುಚ್ಚಿದರೆ ಮಳೆನೀರು ಹೊಸ ದಾರಿ ಹುಡುಕುತ್ತದೆ, ಕೆಳಗಿರುವುದು ಹಳಿ. ಎಲ್ಲಾ ಕುಸಿತಕ್ಕೂ ಕಟ್ಟಡವೇ ಕಾರಣ ಎನ್ನಲಾಗದು. 2009ರ ನವೆಂಬರಿನ ಭಾರೀ ಮಳೆಗೆ ನೀಲಗಿರಿಯಲ್ಲಿ ಹತ್ತಾರು ಜೀವ ಹೋಯಿತು, ರೈಲೂ ನಿಂತಿತು. ಅಂಥ ಮಳೆಗೆ ಕಡಿದ ಗುಡ್ಡ ಇನ್ನೂ ಬೇಗ ಸೋಲುತ್ತದೆ, ಅಷ್ಟೇ.

ಕಾನೂನು ಇಲ್ಲವೆಂದಲ್ಲ. ನೀಲಗಿರಿಯ ಆನೆದಾರಿಯಲ್ಲಿದ್ದ ರಿಸಾರ್ಟುಗಳ ವಿರುದ್ಧ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಕಾಟ್ಟಿಕುಳಂ ಸುತ್ತಲಿನ ತಿರುನೆಲ್ಲಿ ಕಾಡಿನಲ್ಲೂ ಆನೆದಾರಿಗಳಿವೆ. ಅದೇ ವಯನಾಡಿನ ಮುಂಡಕೈ, ಚೂರಲ್‌ಮಲ 2024ರ ಜುಲೈ 30ರಂದು ಏನಾಯಿತೆಂದು ಹೇಳಬೇಕಿಲ್ಲ. ಗಲ್ಫಿನಲ್ಲಿ ದುಡಿದ ದುಡ್ಡನ್ನು "ಒಳ್ಳೆ ವ್ಯೂ ಇರುವ ಜಾಗ"ಕ್ಕೆ ಹಾಕಲು ಹೊರಟವರು ಆ ಜಾಗವನ್ನು ಬೇಸಿಗೆಯಲ್ಲಲ್ಲ, ಜೋರು ಮಳೆಯಲ್ಲಿ ಒಮ್ಮೆ ಹೋಗಿ ನೋಡಲಿ.