ಹೊಟ್ಟೆಯ ಹುಳಿಗೂ ಜಗ್ಗದ ಕ್ರಿಮಿ

ಹೊಟ್ಟೆಯ ಹುಳಿಗೆ ಎಲ್ಲ ಕ್ರಿಮಿಯೂ ಸಾಯುತ್ತದೆಂದು ನಂಬಿ ಬಾವಿಯ ನೀರನ್ನು ಕಾಯಿಸದೆ ಕುಡಿಯುವವರು ನಮ್ಮ ಸದಸ್ಯ ಬಾಂಧವರಲ್ಲಿಯೂ ಉಂಟು. ಈ ನಂಬಿಕೆ ಪೂರ್ತಿ ಸರಿಯಲ್ಲ.

ದನಗಳ ಹಾಗೂ ಮನುಷ್ಯರ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಗ್ಲುಟಮೇಟ್ ಡೀಕಾರ್ಬಾಕ್ಸಿಲೇಸ್ ಎಂಬ ಕಿಣ್ವವಿದೆ. ಆರು ಪ್ರೋಟೀನು ಸರಗಳು ಕೂಡಿ ಆದ ಇದಕ್ಕೆ ಬಿ6 ಜೀವಸತ್ವದಿಂದ ದೊರೆಯುವ ಒಂದು ಸಹಾಯಕ ಅಣು ಬೇಕು. ಹುಳಿ ಇಲ್ಲದಾಗ ಪ್ರತಿ ಸರದ ಬಾಲವೂ ಕಿಣ್ವ ಕೆಲಸ ಮಾಡುವ ಜಾಗವನ್ನು ಅಗುಳಿ ಹಾಕಿದಂತೆ ಮುಚ್ಚಿರುತ್ತದೆ. ಕ್ರಿಮಿಯ ಒಳಗೆ ಹುಳಿ ಏರಿತೆಂದರೆ ಬಾಲ ಸರಿದು ಕಿಣ್ವ ಚುರುಕಾಗುತ್ತದೆ. ಆಗ ಅದು ಗ್ಲುಟಮೇಟಿನ ಒಂದು ಕಾರ್ಬಾಕ್ಸಿಲ್ ಗುಂಪನ್ನು ಕಳಚಿ ಇಂಗಾಲದ ಡೈ ಆಕ್ಸೈಡ್ ಆಗಿ ಬಿಡುತ್ತದೆ. ತೆರವಾದ ಜಾಗಕ್ಕೆ, ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನೊಂದು ಸೇರಿಕೊಳ್ಳುತ್ತದೆ. ಹೀಗೆ ಒಳಗಿನ ಹುಳಿ ತಗ್ಗಿ, ಪಿಎಚ್ 2.5ರಷ್ಟು ಹುಳಿಯಲ್ಲೂ ಕ್ರಿಮಿ ಗಂಟೆಗಟ್ಟಲೆ ಬದುಕಬಲ್ಲದು.

ಇ. ಕೋಲಿಯ ಬಹುಪಾಲು ಬಗೆಗಳು ನಿರುಪದ್ರವಿಗಳು. ಆದರೆ ಓ157 ಎಂಬ ಬಗೆ ರಕ್ತಭೇದಿ ತರುತ್ತದೆ, ಮಕ್ಕಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಆದ್ದರಿಂದ ಗೊಬ್ಬರದ ಗುಂಡಿ ಬಾವಿಯಿಂದ ದೂರ, ತಗ್ಗಿನ ಕಡೆಗಿರಲಿ. ಮನೆಯಲ್ಲಾಗಲಿ, ಆಳುಗಳ ಲೈನಿನಲ್ಲಾಗಲಿ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿರಿ. ಹುಳಿಯನ್ನು ಗೆದ್ದ ಕ್ರಿಮಿಯೂ ಕುದಿಯುವ ನೀರಿನಲ್ಲಿ ಉಳಿಯದು.