ಚಿಕಿತ್ಸೆಗೆ ಹೋದ ಮಗು ಮನೆಗೆ ಮರಳಬೇಕು

ಜರ್ಮನಿಯ ಓಬರ್‌ಹೌಸನ್ ನಗರದಲ್ಲಿ 1967ರಿಂದ ‘ಫ್ರೀಡೆನ್ಸ್‌ಡಾರ್ಫ್’ ಎಂಬ ಸೇವಾಸಂಸ್ಥೆ ನಡೆಯುತ್ತಿದೆ. ಯುದ್ಧ, ಬಡತನಗಳಿಂದ ಕಂಗೆಟ್ಟ ದೇಶಗಳಿಂದ ಕೈಕಾಲು ಊನವಾದ, ಸುಟ್ಟಗಾಯಗಳಿಂದ ನರಳುವ ಮಕ್ಕಳನ್ನು ಕರೆತಂದು ಉಚಿತವಾಗಿ ಚಿಕಿತ್ಸೆ ಕೊಡಿಸುತ್ತದೆ. ಮೊದಮೊದಲು ವಿಯೆಟ್ನಾಂ ಮಕ್ಕಳು ಬಂದರು. ಆಮೇಲೆ ಅಫ್ಘಾನಿಸ್ತಾನ, ಅಂಗೋಲಾದವರು. ಇಂಥ ಕೆಲಸವನ್ನು ಹೊಗಳುವವರಲ್ಲೂ ಅನೇಕರಿಗೆ ಅದರ ಬಗ್ಗೆ ಗೊತ್ತಿರುವುದು ಅರ್ಧಂಬರ್ಧ.

ತಪ್ಪು ಕಲ್ಪನೆ: ಕಷ್ಟದಲ್ಲಿರುವ ಯಾವ ಮಗುವನ್ನಾದರೂ ಕರೆದೊಯ್ಯುತ್ತಾರೆ.

ಇಲ್ಲ. ಆ ಚಿಕಿತ್ಸೆ ತಾಯ್ನಾಡಿನಲ್ಲಿ ಸಿಗುವಂತಿರಬಾರದು, ಮನೆಯವರಿಗೆ ಖರ್ಚು ಭರಿಸುವ ಶಕ್ತಿ ಇರಬಾರದು, ಯುರೋಪಿನಲ್ಲಿ ಗುಣವಾಗುವ ಭರವಸೆ ಇರಬೇಕು. ಗುಣವಾದ ಮೇಲೆ ಮಗು ಮನೆಗೆ ಮರಳಲೇಬೇಕು. ಊರಿನಲ್ಲಿ ಸಿಗದ ಔಷಧಿಯನ್ನು ಬದುಕಿಡೀ ನೆಚ್ಚಿಕೊಳ್ಳಬೇಕಾದ ಮಗುವಿಗೆ ಈ ದಾರಿ ಒಗ್ಗದು. ಆರಿಸುವವರಿಗೆ ಎದೆ ಹಿಂಡುವ ಕೆಲಸವಿದು. ಆದರೂ ಆಗದ್ದನ್ನು ಆಗದು ಎಂದು ಮೊದಲೇ ಹೇಳಿಬಿಡುವುದೇ ಆ ತಾಯ್ತಂದೆಯರಿಗೆ ತೋರುವ ಗೌರವ ಎಂದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಒಂದು ಆಪರೇಷನ್ ಆದರೆ ಮುಗಿಯಿತು.

ಅಂಗೋಲಾದಿಂದ ಬರುವ ಹಲವು ಮಕ್ಕಳನ್ನು ಕಾಡುವುದು ಆಸ್ಟಿಯೋಮೈಲೈಟಿಸ್, ಅಂದರೆ ಮೂಳೆಯೊಳಗಿನ ಸೋಂಕು. ಸಕಾಲಕ್ಕೆ ಆಂಟಿಬಯೋಟಿಕ್ ಸಿಕ್ಕಿದ್ದರೆ ಬಹುಪಾಲು ಅಲ್ಲೇ ನಿಲ್ಲುತ್ತಿದ್ದ ರೋಗ ವರ್ಷಗಟ್ಟಲೆ ಉಳಿದು, ಮೂಳೆಯ ಒಂದು ಭಾಗ ಸತ್ತು, ಚರ್ಮದ ತೂತಿನಿಂದ ಕೀವು ಸೋರುತ್ತಿರುತ್ತದೆ. ಸತ್ತ ಮೂಳೆಯನ್ನು ಕೆರೆದು ತೆಗೆಯಬೇಕು. ಆಮೇಲೆ ವಾರಗಟ್ಟಲೆ ಔಷಧಿ. ಕಾಲು ಗಿಡ್ಡವಾಗಿದ್ದರೆ ಹೊರಗಡೆಯಿಂದ ಲೋಹದ ಚೌಕಟ್ಟು ಕೂರಿಸಿ, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮೂಳೆಯನ್ನು ಎಳೆದು ಉದ್ದ ಮಾಡಬಹುದು. ಚೌಕಟ್ಟಿನ ಕಂಬಿಗಳು ಚರ್ಮದೊಳಕ್ಕೆ ಇಳಿಯುವ ಜಾಗಗಳನ್ನು ತಪ್ಪದೆ ಶುಚಿ ಮಾಡದಿದ್ದರೆ ಮತ್ತೆ ಸೋಂಕು. ಅದಾದ ಮೇಲೂ ಫಿಸಿಯೋಥೆರಪಿ, ಊರುಗೋಲು, ಮೆಟ್ಟಿಲು ಹತ್ತುವ ಅಭ್ಯಾಸ. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ. ಕೆಲವರಿಗೆ ವರ್ಷವೂ ದಾಟುತ್ತದೆ.

ತಪ್ಪು ಕಲ್ಪನೆ: ಅಲ್ಲಿಯ ಕುಟುಂಬಗಳು ಮಗುವನ್ನು ದತ್ತು ಪಡೆಯುತ್ತವೆ.

ಈ ಗುಮಾನಿಯಿಂದಲೇ ಎಷ್ಟೋ ತಾಯಂದಿರು ಹಿಂಜರಿದಾರು. ಓಬರ್‌ಹೌಸನ್‌ಗೆ ಮಕ್ಕಳು ತಂದೆತಾಯಿಯನ್ನು ಬಿಟ್ಟೇ ಬರುತ್ತಾರೆ, ನಿಜ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದವರು ಸಂಸ್ಥೆಯ ಆವರಣದಲ್ಲಿ ಒಟ್ಟಿಗೇ ಇರುತ್ತಾರೆ. ಅಫ್ಘನ್ ಹುಡುಗನೂ ಅಂಗೋಲಾದ ಹುಡುಗಿಯೂ ಆಡುವುದು, ಜಗಳವಾಡುವುದು ಎಲ್ಲ ಅಲ್ಲಿ ಕಲಿತಷ್ಟು ಜರ್ಮನ್‌ನಲ್ಲೇ. ಗುಣವಾದವರನ್ನು ಊರಿಗೆ ಬಿಡಲು ಹೋದ ವಿಮಾನವೇ ಹೊಸ ಮಕ್ಕಳನ್ನು ಕರೆತರುತ್ತದೆ.

ತಪ್ಪು ಕಲ್ಪನೆ: ಉಚಿತ ಎಂದರೆ ಯಾರಿಗೂ ಖರ್ಚಿಲ್ಲ.

ಆಸ್ಪತ್ರೆಗಳು ಹಾಸಿಗೆಯನ್ನೂ ವೈದ್ಯರ ದುಡಿಮೆಯನ್ನೂ ದಾನವಾಗಿ ಕೊಡುತ್ತವೆ. ವಿಮಾನ, ಊಟ, ಆರೈಕೆಯ ಖರ್ಚು ದಾನಿಗಳದ್ದು. ಹಾಸಿಗೆ ಸಿಗದಿದ್ದರೆ ಮಗು ಊರಿನಲ್ಲೇ ಕಾಯಬೇಕು.

ತಪ್ಪು ಕಲ್ಪನೆ: ಇಂಥ ಪಯಣಗಳೆಲ್ಲ ಪಶ್ಚಿಮದ ಕಡೆಗೇ.

2003ರ ಜುಲೈನಲ್ಲಿ ದೆಹಲಿ–ಲಾಹೋರ್ ಬಸ್ ಮತ್ತೆ ಶುರುವಾದಾಗ, ಹೃದಯದಲ್ಲಿ ರಂಧ್ರವಿದ್ದ ಪಾಕಿಸ್ತಾನದ ಪುಟ್ಟ ಹುಡುಗಿಯೊಬ್ಬಳು ಅಪ್ಪ–ಅಮ್ಮನ ಜೊತೆ ಅದರಲ್ಲಿ ಬಂದಳು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು.

ತಪ್ಪು ಕಲ್ಪನೆ: ಬಡದೇಶದ ಮಗುವಿಗೆ ಹೊರದೇಶವೇ ಗತಿ.

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಶಿಶುವಿಗೆ ವಿಮಾನ ಬೇಕಿಲ್ಲ. ಪೊನ್ಸೆಟಿ ಪದ್ಧತಿಯಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ನೇರಕ್ಕೆ ತರುತ್ತಾರೆ. ಹಲವರಿಗೆ ಹಿಮ್ಮಡಿಯ ಹಿಂದಿನ ನಾರಿಗೆ ಸಣ್ಣದೊಂದು ಕೊಯ್ತ ಬೇಕಾಗುತ್ತದೆ. ನಂತರ ಪಾದ ಮತ್ತೆ ತಿರುಚದಂತೆ ಹಿಡಿದಿಡುವ ಬ್ರೇಸ್: ಮೊದಲ ಕೆಲವು ತಿಂಗಳು ಹೆಚ್ಚುಕಡಿಮೆ ದಿನವಿಡೀ, ಆಮೇಲೆ ಸುಮಾರು 4 ವರ್ಷ ತುಂಬುವವರೆಗೆ ಮಲಗುವಾಗ. ಅದಕ್ಕೆ ಬೇಕಾದವರು ಪ್ಲಾಸ್ಟರ್ ಹಾಕುವುದನ್ನು ಸರಿಯಾಗಿ ಕಲಿತವರು, ಮತ್ತು ಬ್ರೇಸ್ ಬಿಡಿಸಬೇಡಿ ಎಂದು ಮನೆಯವರಿಗೆ ವರ್ಷಗಟ್ಟಲೆ ಬೇಸರಿಸದೆ ಹೇಳುತ್ತಿರುವವರು.